ಅಚ್ಚುಕೊರೆತದ ವಿವೇಕ: ಜಟಿಲ ಪಿಯಾನೋ ಸಂಗೀತ, ಸ್ವರಲಿಪಿ ತಂತ್ರಾಂಶ ಮತ್ತು ಕಡೂರು ಸೀಮೆಯ ನೋಟ್‌ಬುಕ್ಕು

ಪೀಠಿಕೆ

ಕಡೂರು ತಾಲ್ಲೂಕಿನ ತಂಗಲಿ ತಾಂಡ್ಯದಲ್ಲಿ 1906ರಲ್ಲಿ ಹುಟ್ಟಿದ ವೆಂಕಟಲಕ್ಷಮ್ಮನವರು ಜಟ್ಟಿ ತಾಯಮ್ಮನವರಲ್ಲಿ ನೃತ್ಯ ಕಲಿತು, ಮೈಸೂರು ಅರಮನೆಯ ಆಸ್ಥಾನ ವಿದುಷಿಯಾಗಿ ದೀರ್ಘಕಾಲ ಸೇವೆ ಸಲ್ಲಿಸಿದರು. ‘ಕಡೂರು ವೆಂಕಟಲಕ್ಷಮ್ಮ’ ಎಂದೇ ಪ್ರಸಿದ್ಧರಾದ ಅವರಿಗೆ 1992ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. 2002ರಲ್ಲಿ ಅವರು ನಿಧನರಾದರು. ಅವರು ಜಯಚಾಮರಾಜೇಂದ್ರ ಒಡೆಯರ ಆಸ್ಥಾನದಲ್ಲಿದ್ದ 1940ರ ದಶಕದಲ್ಲಿಯೇ ಅದೇ ಮಹಾರಾಜರ ಪೋಷಣೆ ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ವಾಗ್ಗೇಯಕಾರನೊಬ್ಬನಿಗೂ ದೊರೆಯಿತು. ನಿಕೊಲಾಯ್ ಮೆಡ್ಟ್‌ನರ್ ಎಂಬ ಆ ಪಿಯಾನೋ ವಿದ್ವಾಂಸನ ಕೃತಿಗಳನ್ನು ಆತನಿಂದಲೇ ನುಡಿಸಿ ಧ್ವನಿಮುದ್ರಿಸಲು ಮಹಾರಾಜರು ಹಣ ಒದಗಿಸಿದರು. ಎಚ್.ಎಂ.ವಿ. ಸಂಸ್ಥೆಯ ಮೂಲಕ ಆ ಧ್ವನಿಮುದ್ರಿಕೆಗಳು ಹೊರಬಂದವು. ಕೃತಜ್ಞತೆಯಿಂದ ಮೆಡ್ಟ್‌ನರ್ ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು.

ಒಂದೇ ಆಶ್ರಯ, ಎರಡು ಕಲೆಗಳು. ಇವುಗಳ ಮುಂದಿನ ಗತಿಯನ್ನು ಹೋಲಿಸಿ ನೋಡುವುದು ಉಚಿತ. 1951ರಲ್ಲಿ ಮೆಡ್ಟ್‌ನರ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ, 1959ರಿಂದ 1963ರ ಅವಧಿಯಲ್ಲಿ, ಮಾಸ್ಕೋದಿಂದ ಅವನ ಸಮಗ್ರ ಕೃತಿಗಳು ಹನ್ನೆರಡು ಸಂಪುಟಗಳಲ್ಲಿ ಅಚ್ಚಾದವು. ಇಂದು ಯಾವ ದೇಶದ ಪಿಯಾನೋ ವಿದ್ಯಾರ್ಥಿಯೂ ಆ ಪುಟಗಳನ್ನು ತೆರೆದು ನುಡಿಸಬಲ್ಲನು. ವೆಂಕಟಲಕ್ಷಮ್ಮನವರ ಅಭಿನಯವಾದರೋ ಮುಖ್ಯವಾಗಿ ಶಿಷ್ಯರ ಮೈಯಲ್ಲಿಯೂ ನೆನಪಿನಲ್ಲಿಯೂ ಉಳಿಯಿತು. ಒಂದು ಮೇಲು, ಇನ್ನೊಂದು ಕೀಳು ಎಂಬ ಮಾತು ಇದಲ್ಲ. ಬರಹಕ್ಕೆ ಇಳಿಯುವ ಕಲೆಗೂ ಇಳಿಯದ ಕಲೆಗೂ ಕಾಲವು ಬೇರೆ ಬೇರೆ ನ್ಯಾಯ ಮಾಡುತ್ತದೆ ಎಂಬುದಷ್ಟೇ ಇಲ್ಲಿ ಗಮನಾರ್ಹ.

ಈಗ ಗಣಕಯಂತ್ರವು ಒಂದು ಭರವಸೆಯನ್ನು ಮುಂದಿಟ್ಟಿದೆ: ಯಾವ ಸಂಗೀತವನ್ನಾದರೂ, ಯಾರಾದರೂ, ಮನೆಯಲ್ಲಿಯೇ ಕುಳಿತು ಅಚ್ಚುಕಟ್ಟಾದ ಸ್ವರಲಿಪಿಯಾಗಿ ಮುದ್ರಿಸಬಹುದು ಎಂಬ ಭರವಸೆ. ಈ ಭರವಸೆ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು, ಆ ತಂತ್ರಾಂಶಗಳು ಯಾವುದಕ್ಕಾಗಿ ಹುಟ್ಟಿದವೋ ಆ ಪಾಶ್ಚಾತ್ಯ ಸಂಗೀತದ ಅತ್ಯಂತ ಕಠಿಣ ಉದಾಹರಣೆಯಾದ ಪಿಯಾನೋ ಬರಹದಲ್ಲಿ ಮೊದಲು ಪರೀಕ್ಷಿಸಿ, ಅಲ್ಲಿ ದೊರೆತ ಅರಿವನ್ನು ನಮ್ಮ ಸ್ವರಲಿಪಿಗೆ, ಅದರಲ್ಲಿಯೂ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಾರ್ಮೋನಿಯಂ ಮೇಷ್ಟ್ರುಗಳ ನೋಟ್‌ಬುಕ್ಕುಗಳಿಗೆ ಅನ್ವಯಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಕೊರೆತಗಾರನ ಕೆಲಸ

ಪಾಶ್ಚಾತ್ಯ ಸ್ವರಲಿಪಿಯ ಮುದ್ರಣಕ್ಕೆ ಐದು ಶತಮಾನಗಳ ಇತಿಹಾಸವಿದೆ. ವೆನಿಸ್ ನಗರದ ಪೆಟ್ರೂಚಿ 1501ರಲ್ಲಿ ಬಿಡಿ ಮೊಳೆಗಳಿಂದ ಬಹುದನಿಯ ಸಂಗೀತವನ್ನು ಅಚ್ಚುಮಾಡಿದನು. ಆದರೆ ಒಂದೇ ಕ್ಷಣದಲ್ಲಿ ಹತ್ತು ಬೆರಳುಗಳೂ ಬೇರೆ ಬೇರೆ ಮಾತಾಡುವ ಕೀಲಿಮಣೆಯ ಸಂಗೀತಕ್ಕೆ ಬಿಡಿ ಮೊಳೆಗಳು ಒಗ್ಗಲಿಲ್ಲ. ಹಾಗಾಗಿ ಲೋಹದ ತಗಡಿನ ಮೇಲೆ ಕೊರೆಯುವ ವಿಧಾನ ಬೆಳೆಯಿತು. ಹದಿನೆಂಟನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ಉತ್ತರಾರ್ಧದವರೆಗೂ ಶ್ರೇಷ್ಠ ಸಂಗೀತ ಮುದ್ರಣವೆಂದರೆ ಅದೇ ಆಗಿತ್ತು.

ಕೊರೆತಗಾರನು ತವರ ಪ್ರಧಾನವಾದ ಮೆದುಲೋಹದ ತಗಡನ್ನು ಎದುರಿಗಿಟ್ಟುಕೊಂಡು, ಐದು ಮೊನೆಗಳ ಉಪಕರಣದಿಂದ ಐದು ಗೆರೆಗಳನ್ನು ಒಟ್ಟಿಗೆ ಎಳೆಯುತ್ತಿದ್ದನು. ಸ್ವರಬಿಂದು, ಶಾರ್ಪ್, ಫ್ಲ್ಯಾಟ್ ಮೊದಲಾದ ಚಿಹ್ನೆಗಳನ್ನು ಉಕ್ಕಿನ ಪಂಚುಗಳಿಂದ ಸುತ್ತಿಗೆಯಲ್ಲಿ ಹೊಡೆದು ಮೂಡಿಸುತ್ತಿದ್ದನು. ಸ್ವರಗಳನ್ನು ಕೂಡಿಸುವ ದಪ್ಪ ಅಡ್ಡಪಟ್ಟಿಗಳನ್ನೂ ಸ್ವರಗಳನ್ನು ಬಳಸುವ ಕಮಾನುಗೆರೆಗಳನ್ನೂ ಉಳಿಯಿಂದ ಕೊರೆಯುತ್ತಿದ್ದನು. ಇದೆಲ್ಲವನ್ನೂ ಕನ್ನಡಿಯ ಬಿಂಬದಂತೆ, ಬಲದಿಂದ ಎಡಕ್ಕೆ ಮಾಡಬೇಕಿತ್ತು. ತಪ್ಪಾದರೆ ತಗಡಿನ ಹಿಂಬದಿಯಿಂದ ಬಡಿದು ಮಟ್ಟಮಾಡಿ ಮತ್ತೆ ಕೊರೆಯಬೇಕು.

ಇಲ್ಲಿ ಕೈಕೌಶಲಕ್ಕಿಂತ ಮುಖ್ಯವಾದದ್ದು ಕೊರೆಯುವ ಮುನ್ನ ಮಾಡುತ್ತಿದ್ದ ಲೆಕ್ಕಾಚಾರ. ಒಂದು ಪುಟದಲ್ಲಿ ಎಷ್ಟು ಸಾಲು, ಒಂದು ಸಾಲಿನಲ್ಲಿ ಎಷ್ಟು ಬಾರ್, ಪ್ರತಿ ಸ್ವರದ ಪಕ್ಕ ಎಷ್ಟು ಜಾಗ ಎಂಬುದನ್ನು ಅವನೇ ನಿಶ್ಚಯಿಸಬೇಕು. ಎರಡು ಮಾತ್ರೆಯ ಸ್ವರಕ್ಕೆ ಒಂದು ಮಾತ್ರೆಯ ಸ್ವರದ ಎರಡರಷ್ಟು ಜಾಗ ಕೊಟ್ಟರೆ ಪುಟ ಪೊಳ್ಳಾಗುತ್ತದೆ. ಸಮನಾಗಿ ಕೊಟ್ಟರೆ ಕಾಲಪ್ರಮಾಣವೇ ಕಣ್ಣಿಗೆ ಕಾಣದು. ಇವೆರಡರ ನಡುವಿನ ಹದವನ್ನು ಅವನು ಹಿಡಿಯುತ್ತಿದ್ದನು. ಎರಡು ಕೈಗಳೂ ನುಡಿಸುತ್ತಿರುವಾಗ ಪುಟ ತಿರುವುವ ಪ್ರಸಂಗ ಬಾರದಂತೆ, ವಿರಾಮವಿರುವ ಕಡೆ ಪುಟ ಮುಗಿಸುತ್ತಿದ್ದನು. ಅಂದರೆ ಕೊರೆತಗಾರನು ಪುಟವನ್ನು ಬಿಡಿಸುವವನು ಮಾತ್ರವಲ್ಲ, ಆ ಸಂಗೀತದ ಮೊದಲ ಓದುಗನೂ ಹೌದು. ನಮ್ಮ ಹಸ್ತಪ್ರತಿ ಪರಂಪರೆಯಲ್ಲಿ ಒಳ್ಳೆಯ ಲಿಪಿಕಾರನಿಗೆ ಇದ್ದ ಸ್ಥಾನ ಅವನದು. ಹೆಸರು ಉಳಿಯದಿದ್ದರೂ ಪಾಠವನ್ನು ಉಳಿಸಿದವನು ಅವನೇ.

ಒಂದು ಕಠಿಣ ಪರೀಕ್ಷೆ

ಮೆಡ್ಟ್‌ನರನ ಇಪ್ಪತ್ತೈದನೆಯ ಓಪಸ್ಸಿನ ಎರಡನೆಯ ಕೃತಿಯಾದ ‘ನೈಟ್ ವಿಂಡ್’ ಸೊನಾಟಾ 1911ರ ಹೊತ್ತಿಗೆ ಪೂರ್ಣಗೊಂಡಿತು. ರಾಖ್ಮನಿನೋಫ್‌ಗೆ ಅರ್ಪಿತವಾದ, ಇ-ಮೈನರ್ ಶ್ರುತಿಯ ಈ ಕೃತಿಯನ್ನು ನುಡಿಸಲು ಅರ್ಧ ಗಂಟೆಗೂ ಮಿಗಿಲಾದ ಕಾಲ ಬೇಕು. ಇದರ ಮೊದಲ ದೊಡ್ಡ ಭಾಗದ ನಡೆ 15/8. ಅಂದರೆ ಒಂದು ಬಾರಿಗೆ ಐದು ಏಟು, ಪ್ರತಿ ಏಟಿಗೂ ಮೂರು ಅಕ್ಷರ. ಕರ್ನಾಟಕ ಸಂಗೀತ ಬಲ್ಲವರಿಗೆ ಐದೇಟಿನ ತಾಳವನ್ನು ತಿಸ್ರಗತಿಯಲ್ಲಿ ನಡೆಸಿದಂತೆ ಎಂದರೆ ಸ್ಥೂಲವಾಗಿ ತಿಳಿದೀತು. ಕಷ್ಟವಿರುವುದು ತಾಳದಲ್ಲಲ್ಲ, ದನಿಗಳ ಹೆಣಿಗೆಯಲ್ಲಿ. ಬಲಗೈಯಲ್ಲಿ ಒಂದು ಹಾಡು, ಅದರಡಿಯಲ್ಲಿಯೇ ಇನ್ನೊಂದು ದನಿ, ಎಡಗೈಯಲ್ಲಿ ಆಧಾರ ಸ್ವರ ಮತ್ತು ಅದರ ಮೇಲೆ ಹರಿಯುವ ಸುರುಳಿ ಇವೆಲ್ಲವೂ ಎರಡು ಸ್ಟಾಫ್‌ಗಳ ಇಕ್ಕಟ್ಟಿನಲ್ಲಿಯೇ ನಡೆಯಬೇಕು. ಇಂಥ ಬರಹದಲ್ಲಿ ಒಂದು ಸ್ವರಗುಚ್ಛವು ಕೆಳಗಿನ ಸ್ಟಾಫಿನಲ್ಲಿ ಹೊರಟು ಮೇಲಿನ ಸ್ಟಾಫಿನಲ್ಲಿ ಮುಗಿಯುವುದೂ ಸಾಮಾನ್ಯ.

ಇದನ್ನು ತಂತ್ರಾಂಶಕ್ಕೆ ಒಪ್ಪಿಸಿದಾಗ ಮೂರು ಬಗೆಯ ತೊಡಕುಗಳು ಎದುರಾಗುತ್ತವೆ. ಮೊದಲನೆಯದು ದನಿಗಳ ಸಂಖ್ಯೆ. ಬಹುಕಾಲ ಬಳಕೆಯಲ್ಲಿದ್ದ ಹಲವು ತಂತ್ರಾಂಶಗಳು ಒಂದು ಸ್ಟಾಫಿಗೆ ನಾಲ್ಕು ದನಿಗಳೆಂಬ ಮಿತಿಯನ್ನು ಇಟ್ಟುಕೊಂಡಿವೆ. ಸಾಮಾನ್ಯ ಕೃತಿಗೆ ಇದು ಧಾರಾಳ. ಆದರೆ ದನಿಗಳು ಹುಟ್ಟಿ, ಕೂಡಿ, ಮರೆಯಾಗುವ ಪಿಯಾನೋ ಬರಹದಲ್ಲಿ ‘ಇದು ಎಷ್ಟನೆಯ ದನಿ’ ಎಂಬ ಪ್ರಶ್ನೆಗೆ ವಾಗ್ಗೇಯಕಾರನೇ ಉತ್ತರ ಕೊಟ್ಟಿರುವುದಿಲ್ಲ. ಯಂತ್ರ ಮಾತ್ರ ಉತ್ತರವಿಲ್ಲದೆ ಮುಂದುವರಿಯುವುದಿಲ್ಲ.

ಎರಡನೆಯದು ಸ್ಟಾಫ್ ದಾಟುವ ಅಡ್ಡಪಟ್ಟಿಯ ಸಮಸ್ಯೆ. ಆ ಪಟ್ಟಿಯ ಓರೆ ಎಷ್ಟಿರಬೇಕು ಎಂಬುದು ಎರಡು ಸ್ಟಾಫ್‌ಗಳ ನಡುವಣ ಅಂತರವನ್ನು ಅವಲಂಬಿಸುತ್ತದೆ. ಆ ಅಂತರ ಎಷ್ಟಿರಬೇಕು ಎಂಬುದು ನಡುವೆ ಏನೇನು ಕೂರಬೇಕು ಎಂಬುದನ್ನು ಅವಲಂಬಿಸುತ್ತದೆ. ಹಾಗೆ ಕೂರಬೇಕಾದವುಗಳಲ್ಲಿ ಆ ಪಟ್ಟಿಯೂ ಒಂದು. ಇದು ತರ್ಕಶಾಸ್ತ್ರದಲ್ಲಿ ಹೇಳುವ ಅನ್ಯೋನ್ಯಾಶ್ರಯ ದೋಷ. ಮನುಷ್ಯನು ಒಂದು ಅಂದಾಜಿನಿಂದ ಹೊರಟು ಕಣ್ಣಿನ ಸಹಾಯದಿಂದ ಸರಿಪಡಿಸಿಕೊಳ್ಳುತ್ತಾನೆ. ಯಂತ್ರವಾದರೋ ಯಾವುದನ್ನಾದರೂ ಒಂದನ್ನು ಮೊದಲು ನಿಶ್ಚಯಿಸಿ, ಉಳಿದದ್ದನ್ನು ಅದಕ್ಕೆ ಬಗ್ಗಿಸಬೇಕಾಗುತ್ತದೆ. ಸ್ಟಾಫ್ ದಾಟುವ ಸ್ವರಗಳು ಬಂದ ಕಡೆ ಚಿಹ್ನೆಗಳು ಒಂದರ ಮೇಲೊಂದು ಬೀಳುವುದಕ್ಕೆ ಒಂದು ಮುಖ್ಯ ಕಾರಣ ಇದು.

ಮೂರನೆಯದು ಸ್ವರದ ಹೆಸರಿನ ಪ್ರಶ್ನೆ. ಪಿಯಾನೋದಲ್ಲಿ ಡಿ-ಶಾರ್ಪ್ ಮತ್ತು ಇ-ಫ್ಲ್ಯಾಟ್ ಎರಡಕ್ಕೂ ಒಂದೇ ಕಪ್ಪು ಕೀಲಿ. ಕೀಲಿಮಣೆಯನ್ನು ಗಣಕಕ್ಕೆ ಜೋಡಿಸಿ ನುಡಿಸಿದಾಗ ಯಂತ್ರಕ್ಕೆ ತಲುಪುವುದು ಕೀಲಿಯ ಸಂಖ್ಯೆ ಮಾತ್ರ, ಹೆಸರಲ್ಲ. ಇ-ಮೈನರಿನಲ್ಲಿ ಡಿ-ಶಾರ್ಪ್ ಮೇಲಿನ ಇ ಸ್ವರಕ್ಕೆ ಏರಲು ತವಕಿಸುವ ಸ್ವರ. ಅದನ್ನು ಇ-ಫ್ಲ್ಯಾಟ್ ಎಂದು ಬರೆದರೆ ಕಿವಿಗೆ ವ್ಯತ್ಯಾಸವಿಲ್ಲ, ಅರ್ಥಕ್ಕೆ ಭಂಗ. ಕೃತಿಯು ಒಂದೇ ಶ್ರುತಿಯಲ್ಲಿ ನಿಂತಿರುವವರೆಗೆ ಯಂತ್ರದ ಊಹೆ ಬಹುಮಟ್ಟಿಗೆ ಸರಿಯಾಗಿರುತ್ತದೆ. ಶ್ರುತಿಯಿಂದ ಶ್ರುತಿಗೆ ಸರಿಯುತ್ತ ಹೋಗುವ ಮೆಡ್ಟ್‌ನರನಂಥವರ ಬರಹದಲ್ಲಿ ಆ ಊಹೆ ಮತ್ತೆ ಮತ್ತೆ ಕೈಕೊಡುತ್ತದೆ.

ತಂತ್ರಾಂಶಗಳ ಎರಡು ಮಾರ್ಗ

ಈ ತೊಡಕುಗಳನ್ನು ತಂತ್ರಾಂಶಕಾರರು ಅರಿಯದವರಲ್ಲ. ಅವರು ಹಿಡಿದ ದಾರಿಗಳನ್ನು ಎರಡಾಗಿ ವಿಂಗಡಿಸಬಹುದು. ಪುಟವನ್ನು ಪರದೆಯ ಮೇಲೆ ತೋರಿಸಿ, ಬಳಸುವವನು ಮೌಸ್ ಹಿಡಿದು ತಿದ್ದಲು ಬಿಡುವುದು ಮೊದಲ ಮಾರ್ಗ. 1988ರಲ್ಲಿ ಬಂದ ಫಿನಾಲೆ, 1993ರಲ್ಲಿ ಫಿನ್ ಸಹೋದರರು ಹೊರತಂದ ಸಿಬೇಲಿಯಸ್ ಈ ಮಾರ್ಗದವು. 2016ರಲ್ಲಿ ಬಂದ ಡೊರಿಕೊ ಮತ್ತು ಉಚಿತವಾಗಿ ದೊರೆಯುವ ಮ್ಯೂಸ್‌ಸ್ಕೋರ್ ಇದನ್ನೇ ಮುಂದುವರಿಸಿ, ಯಂತ್ರದ ಸ್ವಂತ ನಿರ್ಣಯದ ಪಾಲನ್ನು ಹೆಚ್ಚಿಸಿವೆ. ಎರಡನೆಯ ಮಾರ್ಗ ಲಿಲಿಪಾಂಡ್ ಎಂಬ ತಂತ್ರಾಂಶದ್ದು. ಹಾಲೆಂಡಿನ ಇಬ್ಬರು ಸಂಗೀತಗಾರರು 1996ರಲ್ಲಿ ಆರಂಭಿಸಿದ ಇದರಲ್ಲಿ ಸಂಗೀತವನ್ನು ಅಕ್ಷರಗಳಲ್ಲಿ ಬರೆದು ಕೊಡಬೇಕು. ಪುಟ ಹೇಗಿರಬೇಕೆಂಬುದನ್ನು ಯಂತ್ರವೇ ನಿರ್ಣಯಿಸುತ್ತದೆ. ಒಂದು ಕಮಾನುಗೆರೆಗೆ ಹತ್ತಾರು ಆಕಾರಗಳನ್ನು ಕಲ್ಪಿಸಿ, ಪ್ರತಿಯೊಂದರ ಕುಂದಿಗೂ ದಂಡಾಂಕ ಹಾಕಿ, ಕಡಿಮೆ ದಂಡಾಂಕ ಪಡೆದದ್ದನ್ನು ಅದು ಆರಿಸುತ್ತದೆ. ಸಾಲು ಒಡೆಯುವುದನ್ನೂ ಹೀಗೆಯೇ ಇಡೀ ಕೃತಿಯನ್ನು ಗಮನದಲ್ಲಿಟ್ಟು ಲೆಕ್ಕ ಹಾಕುತ್ತದೆ.

ಲಿಲಿಪಾಂಡ್ ಕರ್ತೃಗಳ ಒಂದು ವಾದ ವಿಮರ್ಶಕರ ಗಮನಕ್ಕೆ ಅರ್ಹವಾದುದು. ಬಾಖ್ ಕೃತಿಯೊಂದರ 1950ರ ಕೈಕೊರೆತದ ಪುಟವನ್ನೂ 2000ದ ಗಣಕ ಮುದ್ರಣದ ಪುಟವನ್ನೂ ಅವರು ಅಕ್ಕಪಕ್ಕ ಇಟ್ಟು ತೋರಿಸಿದರು. ಹೊಸದರಲ್ಲಿ ತಪ್ಪೇನೂ ಇಲ್ಲ. ಗೆರೆಗಳು ನೇರ, ಜಾಗ ಸಮ. ಆದರೂ ಹಳೆಯದು ಓದಿಸಿಕೊಳ್ಳುತ್ತದೆ, ಹೊಸದು ಬೇಸರ ತರಿಸುತ್ತದೆ. ಯಂತ್ರದ ಸಮತೆಯೇ ಇದಕ್ಕೆ ಕಾರಣ ಎಂಬುದು ಅವರ ವಾದ. ಗಣಿತಕ್ಕೆ ಸಮವಾದದ್ದು ಕಣ್ಣಿಗೆ ಸಮವಾಗಿ ಕಾಣಬೇಕೆಂದಿಲ್ಲ. ಮೇಲ್ಮುಖದ ಕಡ್ಡಿಯ ಪಕ್ಕದಲ್ಲಿ ಕೆಳಮುಖದ ಕಡ್ಡಿ ಬಂದಾಗ ಕಣ್ಣು ಮೋಸ ಹೋಗುತ್ತದೆ. ಕೊರೆತಗಾರನು ಅದನ್ನರಿತು ಸ್ವರವನ್ನು ಕೂದಲೆಳೆಯಷ್ಟು ಸರಿಸುತ್ತಿದ್ದನು.

ಹಾಗೆಂದು ಯಂತ್ರ ಕೆಟ್ಟದ್ದು, ಕೈಕೆಲಸ ಒಳ್ಳೆಯದು ಎಂಬ ಸುಲಭ ತೀರ್ಮಾನಕ್ಕೆ ಬರುವುದು ನ್ಯಾಯವಲ್ಲ. ಕೈಕೊರೆತದಲ್ಲಿಯೂ ಅವಸರದ, ಒರಟು ಪುಟಗಳು ಬೇಕಾದಷ್ಟಿವೆ. ಇಂದು ಒಬ್ಬ ವಿದ್ಯಾರ್ಥಿ ಒಂದು ಕಾಸೂ ಖರ್ಚಿಲ್ಲದೆ ಒಂದು ಸೊನಾಟಾವನ್ನು ಅಚ್ಚುಕಟ್ಟಾಗಿ ಮುದ್ರಿಸಬಲ್ಲನೆಂಬುದು ಸಣ್ಣ ಲಾಭವಲ್ಲ. ಆಕ್ಷೇಪವಿರುವುದು ಬೇರೆ ಕಡೆ. ತಂತ್ರಾಂಶದಲ್ಲಿ ನಿರ್ಣಯಗಳು ಇಲ್ಲವಾಗುವುದಿಲ್ಲ, ಅಡಗುತ್ತವೆ. ಕೊರೆತಗಾರನು ಪ್ರತಿ ಪುಟದಲ್ಲಿ ಮಾಡುತ್ತಿದ್ದ ನಿರ್ಣಯವನ್ನು ಈಗ ತಂತ್ರಾಂಶಕಾರನು ಒಮ್ಮೆ ಮಾಡಿ ಒಳಗೆ ಹುದುಗಿಸಿಟ್ಟಿರುತ್ತಾನೆ. ಬಳಸುವವನಿಗೆ ಅದು ನಿರ್ಣಯವೆಂದು ತೋರುವುದೇ ಇಲ್ಲ. ಸಂಗೀತದ ಸಹಜ ರೂಪವೇ ಅದು ಎಂದು ತೋರುತ್ತದೆ. ನುರಿತವನು ಅದನ್ನು ಮೀರಿ ತಿದ್ದುತ್ತಾನೆ, ನುರಿಯದವನು ಒಪ್ಪಿಕೊಳ್ಳುತ್ತಾನೆ. ಬಹುಪಾಲು ಮುದ್ರಣಗಳು ನುರಿಯದವರಿಂದಲೇ ಆಗುವ ಕಾಲದಲ್ಲಿ, ಒಪ್ಪಿಕೊಂಡದ್ದೇ ಕ್ರಮೇಣ ಪ್ರಮಾಣವಾಗುತ್ತದೆ.

ಇನ್ನೊಂದು ಅಪಾಯವನ್ನೂ ಇಲ್ಲಿ ಹೇಳಬೇಕು. ಮೂವತ್ತೈದು ವರ್ಷ ಚಾಲ್ತಿಯಲ್ಲಿದ್ದ ಫಿನಾಲೆಯನ್ನು ಅದರ ಒಡೆತನದ ಸಂಸ್ಥೆ 2024ರ ಆಗಸ್ಟಿನಲ್ಲಿ ನಿಲ್ಲಿಸಿತು. ಅದರಲ್ಲಿ ಬರೆದಿಟ್ಟ ಕೃತಿಗಳನ್ನು ಬೇರೆ ತಂತ್ರಾಂಶಕ್ಕೆ ಸಾಗಿಸಲು ಮ್ಯೂಸಿಕ್-ಎಕ್ಸ್‌ಎಂಎಲ್ ಎಂಬ ಮುಕ್ತ ನಮೂನೆ ಇದೆ. ಆದರೆ ಆ ಸಾಗಾಟದಲ್ಲಿ ಸ್ವರಗಳು ಬರುತ್ತವೆ. ಪುಟದ ಮೇಲೆ ತಾಸುಗಟ್ಟಲೆ ಕುಳಿತು ಮಾಡಿದ ತಿದ್ದುಪಡಿಗಳು ಬಹುಮಟ್ಟಿಗೆ ಬರುವುದಿಲ್ಲ. ಲೋಹದ ತಗಡು ತುಕ್ಕು ಹಿಡಿದರೂ ಅದರಿಂದ ತೆಗೆದ ಕಾಗದ ಗ್ರಂಥಾಲಯದಲ್ಲಿ ಉಳಿಯುತ್ತಿತ್ತು. ಕಾಗದಕ್ಕೆ ಇಳಿಯದೆ ಕಡತವಾಗಿಯೇ ಉಳಿದ ಸಂಗೀತದ ಆಯುಷ್ಯವು ಒಂದು ಸಂಸ್ಥೆಯ ಆಯುಷ್ಯಕ್ಕೆ ಕಟ್ಟುಬಿದ್ದಿರುತ್ತದೆ.

ಕನ್ನಡ ಸ್ವರಲಿಪಿಯ ಪಾಡು

ಪಾಶ್ಚಾತ್ಯ ಲಿಪಿಗಾಗಿಯೇ ಹುಟ್ಟಿದ ಯಂತ್ರಗಳು ಆ ಲಿಪಿಯಲ್ಲಿಯೇ ಇಷ್ಟು ಎಡವುತ್ತಿರುವಾಗ, ನಮ್ಮ ಸ್ವರಲಿಪಿಯ ಸ್ಥಿತಿಯನ್ನು ಊಹಿಸಬಹುದು. ಸರಿಗಮಗಳನ್ನು ಕನ್ನಡ ಅಕ್ಷರಗಳಲ್ಲಿಯೇ ಬರೆದು, ತಾರಸ್ಥಾಯಿಗೆ ಮೇಲೊಂದು ಚುಕ್ಕೆ, ಮಂದ್ರಕ್ಕೆ ಕೆಳಗೊಂದು ಚುಕ್ಕೆ, ಕಾಲದ ದ್ವಿಗುಣಕ್ಕೆ ಮೇಲ್ಗೆರೆ, ತಾಳಾಂಗಕ್ಕೆ ದಂಡ, ಕೆಳಗಿನ ಸಾಲಿನಲ್ಲಿ ಸಾಹಿತ್ಯ ಎಂಬುದು ನಾವು ರೂಢಿಸಿಕೊಂಡಿರುವ ಕ್ರಮ. ನೋಡಲು ಸರಳವಾದರೂ ಮುದ್ರಕನಿಗೆ ಇದು ಸರಳವಲ್ಲ. ‘ರಿ’, ‘ನಿ’ ಅಕ್ಷರಗಳಿಗೆ ಮೊದಲೇ ತಲೆಯ ಮೇಲೆ ಗುಡಿಸು ಇದೆ. ಅದರ ಮೇಲೆ ಚುಕ್ಕೆ, ಅದರ ಮೇಲೆ ಗೆರೆ. ಸಾಹಿತ್ಯದ ಸಾಲಿನಲ್ಲಿ ಒತ್ತಕ್ಷರಗಳು ಕೆಳಗಿಳಿದು ಮುಂದಿನ ಸ್ವರಸಾಲಿನ ಚುಕ್ಕೆಗಳಿಗೆ ತಾಗುತ್ತವೆ.

ಗಣಕದ ಆರಂಭದ ವರ್ಷಗಳಲ್ಲಿ ಅಕ್ಷರವನ್ನು ತುಂಡುಮಾಡಿ ಜೋಡಿಸುವ ಫಾಂಟುಗಳಲ್ಲಿ ಈ ಚುಕ್ಕೆಗಳನ್ನು ಹೇಗೋ ಸೇರಿಸಿದ್ದುಂಟು. ಫಾಂಟು ಬದಲಾದರೆ ಪುಟವೇ ಅರ್ಥಹೀನವಾಗುತ್ತಿತ್ತು. ಯೂನಿಕೋಡ್ ಬಂದ ಮೇಲೆ ಅಕ್ಷರಗಳು ಸ್ಥಿರವಾದವು. ಆದರೆ ಕನ್ನಡ ಅಕ್ಷರದ ಮೇಲೆ, ಕೆಳಗೆ ಚುಕ್ಕೆಯನ್ನು ಎಲ್ಲಿ ಕೂರಿಸಬೇಕೆಂಬ ಸೂಚನೆ ಫಾಂಟಿನೊಳಗೆ ಇಲ್ಲದಿದ್ದರೆ ಚುಕ್ಕೆ ಪಕ್ಕಕ್ಕೆ ಸರಿಯುತ್ತದೆ, ಇಲ್ಲವೇ ಗುಡಿಸಿನಲ್ಲಿ ಮುಳುಗುತ್ತದೆ. ಇದರ ಪರಿಣಾಮವಾಗಿ ಕೆಲವರು ಚುಕ್ಕೆಯನ್ನೇ ಕೈಬಿಡುತ್ತಾರೆ, ಕೆಲವರು ದಪ್ಪಕ್ಷರ ಬಳಸುತ್ತಾರೆ, ಇನ್ನು ಕೆಲವರು ರೋಮನ್ ಅಕ್ಷರಕ್ಕೆ ಹೋಗುತ್ತಾರೆ. ಇವಾವುವೂ ಸಂಗೀತದ ಕಾರಣಕ್ಕೆ ಆದ ಆಯ್ಕೆಗಳಲ್ಲ.

1904ರಲ್ಲಿ ಸುಬ್ಬರಾಮ ದೀಕ್ಷಿತರು ತೆಲುಗು ಲಿಪಿಯಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯನ್ನು ಹೊರತರುವಾಗ ಗಮಕಗಳಿಗೆ ಪ್ರತ್ಯೇಕ ಚಿಹ್ನೆಗಳನ್ನು ಬಳಸಿದ್ದರು. ಎಟ್ಟಯಾಪುರದಂಥ ಸಣ್ಣ ಸಂಸ್ಥಾನದ ಅಚ್ಚುಕೂಟ ನೂರಿಪ್ಪತ್ತು ವರ್ಷಗಳ ಹಿಂದೆ ನಿರ್ವಹಿಸಿದ ಸೂಕ್ಷ್ಮವನ್ನು ಇಂದಿನ ಅನೇಕ ಕನ್ನಡ ಪ್ರಕಟಣೆಗಳು ನಿರ್ವಹಿಸುತ್ತಿಲ್ಲವೆಂದರೆ, ಕೊರತೆ ಯಂತ್ರಶಕ್ತಿಯದಲ್ಲ, ನಿರ್ಣಯದ್ದು.

ಈಗ ಮೇಲೆ ಹೇಳಿದ ಕಪ್ಪು ಕೀಲಿಗೆ ಮರಳೋಣ. ಹಾರ್ಮೋನಿಯಂನ ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡು ನಾಟ ರಾಗವನ್ನು ನುಡಿಸಿದರೆ ಷಟ್‌ಶ್ರುತಿ ರಿಷಭವು ಕಪ್ಪು ಎರಡರಲ್ಲಿಯೂ ಅಂತರ ಗಾಂಧಾರವು ಬಿಳಿ ಮೂರರಲ್ಲಿಯೂ ಬರುತ್ತವೆ. ಆ ಕಪ್ಪು ಎರಡು ಮೆಡ್ಟ್‌ನರನ ಸೊನಾಟಾದ ಡಿ-ಶಾರ್ಪ್ ಕೀಲಿಯೇ. ಬಿಳಿ ಮೂರು ಅವನ ಇ ಸ್ವರ. ಅದೇ ಕಪ್ಪು ಕೀಲಿಗೆ ನಮ್ಮಲ್ಲಿ ಸಾಧಾರಣ ಗಾಂಧಾರವೆಂಬ ಇನ್ನೊಂದು ಹೆಸರೂ ಇದೆ. ಹನ್ನೆರಡು ಸ್ವರಸ್ಥಾನಗಳಿಗೆ ಹದಿನಾರು ಹೆಸರುಗಳಿರುವುದರ ಅರ್ಥವೇ ಇದು. ಕೀಲಿಯ ಸಂಖ್ಯೆಯನ್ನು ನೋಡಿ ಹೆಸರಿಡುವ ಯಂತ್ರವು ನಾಟದ ‘ರಿ ಗ ಮ ಪ’ವನ್ನು ‘ಗ ಗ ಮ ಪ’ ಎಂದು ಬರೆದೀತು. ರಷ್ಯದ ಸೊನಾಟಾದಲ್ಲಿಯೂ ನಮ್ಮ ನಾಟದಲ್ಲಿಯೂ ಎಡವುವ ಕಲ್ಲು ಒಂದೇ: ನಾದಕ್ಕೆ ಹೆಸರನ್ನು ಕೊಡುವುದು ಕೀಲಿಯಲ್ಲ, ಆ ಸ್ವರ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆಂಬ ತಿಳಿವಳಿಕೆ.

ಕಡೂರು ಸೀಮೆಯ ಕೀಲಿಮಣೆ

ಈ ಸೀಮೆಯ ಕೀಲಿಮಣೆ ವಾದ್ಯವೆಂದರೆ ಹಾರ್ಮೋನಿಯಂ. ಕಡೂರು, ತರೀಕೆರೆ ಮತ್ತು ಮೊದಲು ತರೀಕೆರೆಯ ಭಾಗವಾಗಿದ್ದು ಈಗ ತಾನೇ ತಾಲ್ಲೂಕಾಗಿರುವ ಅಜ್ಜಂಪುರದ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಮೇಷ್ಟ್ರು, ಭಜನೆ ಮಂಡಲಿಗೆ ದಾರಿ ತೋರುವವರು ಈ ಪೆಟ್ಟಿಗೆಯ ಮುಂದೆಯೇ ಕೂರುತ್ತಾರೆ. ಕಂಪನಿ ನಾಟಕಗಳ ಮಟ್ಟುಗಳು, ಕಂದ ವೃತ್ತಗಳ ರಾಗಗಳು, ಪಾತ್ರದ ಪ್ರವೇಶಕ್ಕೆ ಬೇಕಾದ ನುಡಿತಗಳು ಇವರ ನೋಟ್‌ಬುಕ್ಕುಗಳಲ್ಲಿವೆ. ಈ ಲೇಖಕ ಕಂಡಿರುವ ಅಂಥ ಪುಸ್ತಕಗಳಲ್ಲಿ ಪೂರ್ಣ ಸ್ವರಪ್ರಸ್ತಾರ ವಿರಳ. ಹಾಡಿನ ಮೊದಲ ಮಾತು, ರಾಗದ ಹೆಸರು, ಶ್ರುತಿಗೆ ‘ಕಪ್ಪು ಒಂದು’ ಎಂಬಂಥ ಗುರುತು, ಮರೆಯಬಾರದ ಒಂದೆರಡು ಸ್ವರಗುಚ್ಛ, ಇಷ್ಟೇ. ಉಳಿದದ್ದು ಕೈಯಲ್ಲಿದೆ ಎಂಬ ನಂಬಿಕೆಯಿಂದ ಬರೆದದ್ದು ಅದು.

ಅಜ್ಜಂಪುರದ ಕಡೆಯ ಹಿರಿಯರೊಬ್ಬರ ಇಂಥ ನೋಟ್‌ಬುಕ್ಕಿನ ಕೆಲವು ಪುಟಗಳನ್ನು ತಂತ್ರಾಂಶವೊಂದರಲ್ಲಿ ಅಚ್ಚುಮಾಡಲು ನಾನು ಪ್ರಯತ್ನಿಸಿದ್ದುಂಟು. ನೋಟ್‌ಬುಕ್ಕಿನಲ್ಲಿ ವೃತ್ತವೊಂದರ ಪಕ್ಕದಲ್ಲಿ ಅಲ್ಲಲ್ಲಿ ಸಣ್ಣ ಅಡ್ಡಗೀಟುಗಳಿದ್ದವು. ವೃತ್ತಕ್ಕೆ ತಾಳವಿಲ್ಲ, ತಂತ್ರಾಂಶವಾದರೋ ತಾಳವನ್ನು ಕೇಳಿತು. ನಾನು ಏನನ್ನೂ ಹೇಳದಿದ್ದಾಗ ತಾನೇ ನಾಲ್ಕೇಟಿನ ಬಾರ್ ಹಾಕಿ, ಉಳಿದ ಜಾಗವನ್ನು ವಿರಾಮ ಚಿಹ್ನೆಗಳಿಂದ ತುಂಬಿತು. ಅಡ್ಡಗೀಟುಗಳಿಗೆ ಸಮನಾದ ಚಿಹ್ನೆ ತೋಚದೆ ನಾನು ಅವನ್ನು ಬಿಟ್ಟೆ. ಪುಟ ಅಂದವಾಗಿ ಬಂತು. ಅದನ್ನು ಮುಂದಿಟ್ಟುಕೊಂಡು ಎಳೆಯ ವಾದಕನೊಬ್ಬ ನುಡಿಸಿದಾಗ ವೃತ್ತವು ನಡಿಗೆಯ ಹಾಡಾಯಿತು. ಹಿರಿಯರು ಕೇಳಿ, ಆ ಗೀಟುಗಳು ಪಾತ್ರಧಾರಿ ಉಸಿರು ಎಳೆದುಕೊಳ್ಳುವ ಜಾಗವೆಂದೂ ಅಲ್ಲಿ ಪೆಟ್ಟಿಗೆ ಷಡ್ಜದ ಮೇಲೆ ಕಾಯಬೇಕೆಂದೂ ತಿಳಿಸಿದರು. ತಪ್ಪು ಯಂತ್ರದ್ದಲ್ಲ. ಪಿಯಾನೋ ಕೃತಿಗಳಲ್ಲಿ ವಾದಕನು ತಾಳ ಬಿಟ್ಟು ಸ್ವಚ್ಛಂದವಾಗಿ ನುಡಿಸುವ ಭಾಗಗಳಿಗಾಗಿ ಬಾರ್ ಗೆರೆಗಳನ್ನು ನಿಲ್ಲಿಸುವ ಸೌಕರ್ಯ ಆ ತಂತ್ರಾಂಶಗಳಲ್ಲಿಯೇ ಇದೆ. ಅದನ್ನು ಹುಡುಕಬೇಕೆಂಬ ಪ್ರಶ್ನೆ ನನ್ನಲ್ಲಿ ಏಳಲಿಲ್ಲ. ಅಂದವಾದ ಪುಟ ಆ ಪ್ರಶ್ನೆಯನ್ನು ಏಳಗೊಡಲಿಲ್ಲ.

ಆ ದಿನ ಹಿರಿಯರು ಹೇಳಲು ಇದ್ದರು. ಇಂಥ ನೋಟ್‌ಬುಕ್ಕುಗಳು ಬರೆದವರ ನಂತರ ಮನೆಯವರ ಕೈಗೆ, ಅಲ್ಲಿಂದ ಕೆಲವೊಮ್ಮೆ ರದ್ದಿಗೆ ಹೋಗುತ್ತವೆ. ರದ್ದಿಯಿಂದ ಉಳಿದು ಅಚ್ಚಾದವು ಅಂದವಾದ ತಪ್ಪಾಗಿ ಅಚ್ಚಾದರೆ, ಅದು ಎರಡನೆಯ ನಾಶ. ಮೊದಲನೆಯ ನಾಶ ಕಣ್ಣಿಗೆ ಕಾಣುತ್ತದೆ. ಎರಡನೆಯದು ಗ್ರಂಥಾಲಯದ ಕಪಾಟಿನಲ್ಲಿ ಪ್ರಮಾಣಗ್ರಂಥವಾಗಿ ಕೂರುತ್ತದೆ.

ಸಮಾರೋಪ

ಮೇಲಿನ ಚರ್ಚೆಯಿಂದ ಕೆಲವು ಅಂಶಗಳು ಹೊರಡುತ್ತವೆ. ಸ್ವರಲಿಪಿಯ ಮುದ್ರಣವು ಸಂಪಾದನಕಾರ್ಯವೇ ಹೊರತು ಬೆರಳಚ್ಚಿನ ಕೆಲಸವಲ್ಲ. ಹಳಗನ್ನಡ ಕಾವ್ಯದ ಸಂಪಾದಕನು ಪಾಠಾಂತರಗಳನ್ನು ಹೇಗೆ ದಾಖಲಿಸುತ್ತಾನೋ ಹಾಗೆ, ಸಂಗೀತದ ಸಂಪಾದಕನೂ ಮೂಲದಲ್ಲಿ ಏನಿತ್ತು, ತಾನೇನು ಸೇರಿಸಿದೆ, ಯಂತ್ರವೇನು ಸೇರಿಸಿತು ಎಂಬುದನ್ನು ಬೇರೆ ಬೇರೆಯಾಗಿ ಹೇಳಬೇಕು. ನೋಟ್‌ಬುಕ್ಕಿನ ಛಾಯಾಪ್ರತಿಯನ್ನು ಅಚ್ಚಿನ ಪುಟದ ಎದುರಿಗೇ ಕೊಡಬೇಕು; ಬರೆದವರು ಬದುಕಿದ್ದರೆ ಅವರ ನುಡಿತದ ಧ್ವನಿಮುದ್ರಣವೂ ಜೊತೆಗಿರಬೇಕು. ಕಡತಗಳನ್ನು ಒಂದೇ ಸಂಸ್ಥೆಯ ನಮೂನೆಯಲ್ಲಿ ಬಿಡದೆ ಮುಕ್ತ ನಮೂನೆಯಲ್ಲಿಯೂ ಕಾಗದದಲ್ಲಿಯೂ ಇಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕನ್ನಡ ಸ್ವರಲಿಪಿಯ ಚುಕ್ಕೆ, ಗೆರೆ, ಗಮಕ ಚಿಹ್ನೆ ಮತ್ತು ತಾಳವಿಲ್ಲದ ಹಾಡಿಕೆಯ ಗುರುತುಗಳನ್ನು ಸಂಗೀತಗಾರರು, ಮುದ್ರಕರು ಮತ್ತು ತಂತ್ರಜ್ಞರು ಕೂಡಿ ನಿಶ್ಚಯಿಸಬೇಕು. ಈ ಕೆಲಸ ಅಕಾಡೆಮಿಯಂಥ ಸಂಸ್ಥೆಗಳಿಂದಲೇ ಆಗಬೇಕಾದದ್ದು. ನಾವು ನಿಶ್ಚಯಿಸದಿದ್ದರೆ, ಬೇರೊಂದು ಸಂಗೀತಕ್ಕಾಗಿ ಬೇರೆಯವರು ಮಾಡಿದ ನಿಶ್ಚಯಗಳು ನಮ್ಮವಾಗುತ್ತವೆ.

ಮೆಡ್ಟ್‌ನರನು ಈ ವಿಷಯದಲ್ಲಿ ಅದೃಷ್ಟವಂತ. ಅವನ ಪುಟಗಳನ್ನು ಓದಬಲ್ಲ ಕೊರೆತಗಾರರು ಇದ್ದರು. ನುಡಿತವನ್ನು ಉಳಿಸಲು ಮೈಸೂರಿನ ಮಹಾರಾಜರಿದ್ದರು. ಪುಟ ಸಂದೇಹ ತಂದರೆ ಧ್ವನಿಮುದ್ರಿಕೆಯನ್ನು ಕೇಳಬಹುದು, ಧ್ವನಿಮುದ್ರಿಕೆ ಸಾಲದಾದರೆ ಪುಟವನ್ನು ನೋಡಬಹುದು. ಅದೇ ಅರಮನೆಯಲ್ಲಿ ಹೆಜ್ಜೆ ಹಾಕಿದ ಕಡೂರಿನ ಕಲಾವಿದೆಯ ಸೀಮೆಯಲ್ಲಿ, ಗೀಟುಗಳ ಅರ್ಥ ಬಲ್ಲ ಮೇಷ್ಟ್ರುಗಳು ಇನ್ನೂ ಕೆಲವರಿದ್ದಾರೆ. ಅಚ್ಚಿನ ಕೆಲಸ ಅವರ ಬಳಿ ಕುಳಿತು ಕೇಳುವುದರಿಂದ ಆರಂಭವಾಗಲಿ. ಯಂತ್ರವನ್ನು ಆಮೇಲೆ ತೆರೆಯಬಹುದು.